ಕುರ್ಚಿ ಒಯ್ದ ಮೇಲೆ ಎಣಿಸಿದ ಒಮ್ಮತ

ನಮ್ಮ ಲುಥೆರನ್ ಪ್ರಾಂತ್ಯ ಸಭೆಯ ಮಾನ್ಯ ಚುನಾವಣಾಧಿಕಾರಿಗಳೇ,

ಎಪ್ಪತ್ತಾರು ವರ್ಷದ ಸಾವಿತ್ರೆವ್ವನವರು ಕುರ್ಚಿಯ ಮೇಲೆ ಕುಳಿತಿದ್ದರು ಎಂಬ ಅಪರಾಧಕ್ಕಾಗಿ ತಾವು ಕಳಿಸಿದ ನೋಟಿಸು ಸವದತ್ತಿಗೆ ಬಂದು ಮುಟ್ಟಿದೆ. ಪ್ರಾಂತ್ಯ ಸಭೆಯ ಅಧ್ಯಕ್ಷರ ಆಯ್ಕೆಯಲ್ಲಿ ನೂರಾ ಹತ್ತೊಂಬತ್ತು ಪ್ರತಿನಿಧಿಗಳ ಪೈಕಿ ನೂರಾ ಹದಿನೆಂಟು ಮಂದಿ ಎದ್ದು ನಿಂತು ಸಮ್ಮತಿ ಸೂಚಿಸಿದರೆಂದೂ, ಇವರೊಬ್ಬರು ಮಾತ್ರ ಕುಳಿತೇ ಇದ್ದು ಸಭೆಯ ಐಕ್ಯಕ್ಕೆ ಭಂಗ ತಂದರೆಂದೂ ಅದರಲ್ಲಿ ಬರೆದಿದ್ದೀರಿ. ಹದಿನೈದು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕಂತೆ. ಅದು ತಮಗೆ ತೃಪ್ತಿಯಾಗುವವರೆಗೆ ಪ್ರತಿನಿಧಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಸಭೆಯ ಯಾವ ಸೇವೆಗೂ ಅವರು ಕೈ ಹಚ್ಚುವಂತಿಲ್ಲ. ಸಹಿಯ ಪಕ್ಕದ ದುಂಡು ಮೊಹರು ಮಾತ್ರ ಬಹಳ ಸ್ಪಷ್ಟವಾಗಿ ಮೂಡಿದೆ. ಅದೊಂದರ ಬಗ್ಗೆ ನನ್ನ ತಕರಾರಿಲ್ಲ.

‘ಯಾವ ಸೇವೆಗೂ’ ಎಂದು ಒಂದೇ ಏಟಿಗೆ ಬರೆದುಬಿಟ್ಟಿದ್ದೀರಲ್ಲ, ಸವದತ್ತಿಯಲ್ಲಿ ಆ ಮಾತಿಗೆ ಏನರ್ಥ ಎಂದು ತಮಗೆ ಗೊತ್ತಿರಲಾರದು. ಮೂವತ್ತೊಂದು ವರ್ಷದಿಂದ ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಪ್ರಭು ಭೋಜನದ ಮೇಜನ್ನು ಸಜ್ಜು ಮಾಡುವವರು ಸಾವಿತ್ರೆವ್ವ. ಬಿಳಿ ಬಟ್ಟೆಯನ್ನು ಶನಿವಾರವೇ ಒಗೆದು ಇಸ್ತ್ರಿ ಮಾಡುವುದು, ದ್ರಾಕ್ಷಾರಸದ ಬಟ್ಟಲು ಬೆಳಗುವುದು, ರೊಟ್ಟಿಯನ್ನು ಎಲ್ಲರಿಗೂ ಸಾಲುವಂತೆ ಸಣ್ಣಗೆ ಕತ್ತರಿಸುವುದು ಅವರ ಕೆಲಸ. ಗಂಡನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಮೊದಲ ಭಾನುವಾರ ಬಂದಿತ್ತು. ಅಂದೂ ಬೆಳಿಗ್ಗೆ ಏಳಕ್ಕೆ ಅವರು ಮೇಜಿನ ಮುಂದಿದ್ದರು. ಈ ತಿಂಗಳು ತಮ್ಮ ಅಪ್ಪಣೆಯಂತೆ ಆ ಬಟ್ಟೆಯನ್ನು ಸಭೆಯ ಕಾರ್ಯದರ್ಶಿಯಾದ ನಾನು ಹಾಸಿದೆ. ಬಟ್ಟೆಯ ಒಂದು ಅಂಚು ನೆಲಕ್ಕೆ ತಾಗುತ್ತಿತ್ತು, ಇನ್ನೊಂದು ಮೇಜಿನ ಅರ್ಧಕ್ಕೇ ನಿಂತಿತ್ತು. ಸಾವಿತ್ರೆವ್ವ ಕೊನೆಯ ಸಾಲಿನಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಈಗ ಆಯ್ಕೆಯ ವಿಚಾರಕ್ಕೆ ಬರೋಣ. ನಮ್ಮ ನಿಬಂಧನೆಯ ಪುಸ್ತಕ ಅದನ್ನು ಬಲು ಚೆಂದ ಹೇಳುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಒಂದೊಂದು ಚರ್ಚಿನ ಸಭೆಯೂ ಕೂಡಿ ಕುಳಿತು, ಚೀಟಿ ಬರೆದು, ತನಗೆ ಯೋಗ್ಯರೆನಿಸಿದವರ ಹೆಸರನ್ನು ಮುಚ್ಚಿದ ಲಕೋಟೆಯಲ್ಲಿ ನಾಮನಿರ್ದೇಶನ ಸಮಿತಿಗೆ ಕಳಿಸಬೇಕು. ಸಮಿತಿಯವರು ಅವುಗಳನ್ನು ತೆರೆದು, ಹೆಚ್ಚು ಸಭೆಗಳು ಸೂಚಿಸಿದ ಮೂವರನ್ನು ಮಹಾಸಭೆಯ ಮುಂದಿಡಬೇಕು. ಅಲ್ಲಿ ಪ್ರತಿನಿಧಿಗಳು ಗುಪ್ತವಾಗಿ ಮತ ಹಾಕಬೇಕು. ನಾವು ಸವದತ್ತಿಯವರು, ನಲವತ್ಮೂರು ಜನ, ಆರಾಧನೆ ಮುಗಿದ ಮೇಲೆ ಎರಡು ತಾಸು ಕುಳಿತು, ಒಂದಿಷ್ಟು ಜಗಳವಾಡಿ, ಒಬ್ಬ ಸಭಾಪಾಲಕರ ಹೆಸರು ಬರೆದು ಕಳಿಸಿದೆವು. ಯಾರ ಹೆಸರೆಂದು ಇಲ್ಲಿ ಹೇಳುವುದಿಲ್ಲ. ಅವರಿಗೂ ಒಂದು ನೋಟಿಸು ಹೋಗುವುದು ಬೇಡ.

ಆ ಲಕೋಟೆ ಇಪ್ಪತ್ತು ದಿನದ ಮೇಲೆ ನನಗೇ ವಾಪಸು ಬಂತು. ಹಚ್ಚಿದ ಅಂಟು ಹಚ್ಚಿದಂತೆಯೇ ಇತ್ತು. ಜೊತೆಗೊಂದು ಪತ್ರ: ‘ಸಮಿತಿಯಲ್ಲಿ ಪ್ರಾರ್ಥನಾಪೂರ್ವಕವಾಗಿ ಒಂದೇ ಹೆಸರಿಗೆ ಏಕಮತ ಮೂಡಿದ್ದರಿಂದ ಲಕೋಟೆಗಳನ್ನು ತೆರೆಯುವ ಪ್ರಮೇಯ ಬೀಳಲಿಲ್ಲ.’ ಎಂಥ ಕೃಪೆ! ನಮ್ಮ ಮನಸ್ಸಿನಲ್ಲಿ ಏನಿದೆ ಎಂದು ಓದದೆಯೇ ತಮಗೆ ತಿಳಿಯಿತು. ಯೇಸುವಿಗೆ ದ್ರೋಹ ಬಗೆದ ಯೂದನ ಜಾಗಕ್ಕೆ ಒಬ್ಬನನ್ನು ಆರಿಸುವಾಗ ಅಪೊಸ್ತಲರು ಕೂಡ ಇಬ್ಬರ ಹೆಸರು ಮುಂದಿಟ್ಟಿದ್ದರು. ಅವರಿಗೆ ತಮ್ಮ ಸಮಿತಿಯಷ್ಟು ಅನುಭವ ಇರಲಿಲ್ಲವೇನೋ. ಪವಿತ್ರಾತ್ಮನು ಮಾತಾಡುವುದು ಬಾಗಿಲು ಹಾಕಿಕೊಂಡ ಏಳು ಜನರ ಕೋಣೆಯಲ್ಲಿ ಮಾತ್ರವೇ? ಸವದತ್ತಿಯ ದಾರಿ ಆತನಿಗೆ ಗೊತ್ತಿಲ್ಲವೇ?

ಆದರೂ ಕಳೆದ ತಿಂಗಳ ಎರಡನೆಯ ಶನಿವಾರ ನಾವು ಎಂಟು ಜನ ಬೈಲಹೊಂಗಲದ ಮಹಾಸಭೆಗೆ ಬಂದೆವು. ಬಾಗಿಲಲ್ಲೇ ಹೊಸ ಅಧ್ಯಕ್ಷರಿಗೆ ಅಭಿನಂದನೆ ಹೇಳುವ ಬ್ಯಾನರು ನಮ್ಮನ್ನು ಸ್ವಾಗತಿಸಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆ ಕೇಳಿದ್ದೆ, ಇಲ್ಲಿ ಕುಲಾವಿಯ ಮೇಲೆ ಕೂಸಿನ ಫೋಟೋ ಕೂಡ ಇತ್ತು. ಒಳಗೆ ವರದಿಗಳ ಮೇಲೆ ವರದಿ ನಡೆದವು. ಎರಡು ಗಂಟೆ ಹೊಡೆಯಿತು. ಕಿಟಕಿಯಿಂದ ಗೋಧಿ ಹುಗ್ಗಿಯ ವಾಸನೆ ಬರತೊಡಗಿತು. ಆಗ ತಾವು ಮೈಕು ಹಿಡಿದು, ‘ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿ ಪ್ರಾರ್ಥಿಸೋಣ’ ಎಂದಿರಿ. ನಿಂತೆವು. ಪ್ರಾರ್ಥನೆ ದೀರ್ಘವಾಗಿತ್ತು. ಅದರಲ್ಲಿ ಏಕೈಕ ಅಭ್ಯರ್ಥಿಯ ಹೆಸರು ಹಿಡಿದು ‘ನೀನು ಆರಿಸಿಕೊಂಡ ಈ ನಿನ್ನ ಸೇವಕ’ ಎಂದು ನಾಲ್ಕು ಸಲ ಬಂತು. ನಾವು ಆಮೆನ್ ಎಂದು ಕಣ್ಣು ತೆರೆದೆವು. ಹಿಂದೆ ಕುರ್ಚಿಗಳಿರಲಿಲ್ಲ.

ಹೌದು ಮಾನ್ಯರೇ, ಊಟದ ವ್ಯವಸ್ಥೆಯವರು ಅಷ್ಟರಲ್ಲಿ ಸದ್ದಿಲ್ಲದೆ ಕುರ್ಚಿಗಳನ್ನೆಲ್ಲ ಎತ್ತಿ ಹೊರಗಿನ ಶಾಮಿಯಾನಕ್ಕೆ ಸಾಗಿಸಿದ್ದರು. ಹಸಿದವರ ಮೇಲಿನ ಕರುಣೆಯಿಂದ ಹಾಗೆ ಮಾಡಿದರೆಂದೇ ನಾನು ನಂಬುತ್ತೇನೆ, ಬೇರೆ ಏನನ್ನಾದರೂ ನಂಬಲು ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಆ ಖಾಲಿ ಹಾಲಿನಲ್ಲಿ ತಾವು ಮೈಕಿನಲ್ಲಿ ಹೇಳಿದ ಮಾತಿಗೆ ನೂರಾ ಹತ್ತೊಂಬತ್ತು ಜನ ಸಾಕ್ಷಿ ಇದ್ದೇವೆ:

“ಸಮ್ಮತ ಇದ್ದವರು ಹಂಗ ನಿಂತಿರ್ರಿ. ಇಲ್ಲದವರು ಕುಂದರ್ರಿ.”

ಒಂದೇ ಒಂದು ಕುರ್ಚಿ ಉಳಿದಿತ್ತು. ಅದರ ಮೇಲೆ ಸಾವಿತ್ರೆವ್ವ ಇದ್ದರು. ಎರಡೂ ಮೊಣಕಾಲು ಹೋಗಿ ಆರು ವರ್ಷವಾಯಿತು. ಅವರು ಕುಳಿತೇ ಪ್ರಾರ್ಥಿಸುತ್ತಾರೆಂದು ಸವದತ್ತಿಯಲ್ಲಿ ಎಲ್ಲರಿಗೂ ಗೊತ್ತು. ತಾವು ಬೆರಳು ಮಾಡಿ ಎಣಿಸಿದಿರಿ, ‘ಒಬ್ಬರನ್ನು ಬಿಟ್ಟು ಸರ್ವರೂ’ ಎಂದು ಬರೆಸಿದಿರಿ, ಚಪ್ಪಾಳೆಯಾಯಿತು, ಊಟಕ್ಕೆ ಕರೆದಿರಿ. ಚೀಟಿ ಹಂಚಲಿಲ್ಲ. ಗುಪ್ತ ಮತದಾನ ಎಷ್ಟು ಗುಪ್ತವಾಗಿ ನಡೆಯಿತೆಂದರೆ ಮತ ಹಾಕಿದವರಿಗೇ ತಿಳಿಯಲಿಲ್ಲ.

ತಿರುಗಿ ಬರುವಾಗ ನಮ್ಮನ್ನು ಕರೆತಂದಿದ್ದ ಟೆಂಪೋದ ಗೌಸಸಾಬ ಸುಮ್ಮನೆ ಕೇಳಿದ, “ಯಾರು ಆರಿಸಿ ಬಂದಾರ್ರಿ ಮಾಸ್ತರ?” ಹೇಳಿದೆ. “ಎದುರು ಯಾರಿದ್ರು?” ಯಾರೂ ಇರಲಿಲ್ಲ ಎಂದೆ. ಅವನು ಗೇರು ಬದಲಿಸಿ ನಕ್ಕ. “ನಮ್ಮ ಜಮಾತಿನ್ಯಾಗೂ ಕಮಿಟಿ ಮಾಡ್ತೇವ್ರಿ. ಎಂಟ ದಿನ ಒಬ್ಬರ ಮಾರಿ ಒಬ್ಬರು ನೋಡೂದಿಲ್ಲ, ಅಷ್ಟ ಜಗಳ ಆಗತೈತಿ. ನೀವು ಭಾಳ ಶಾಣ್ಯಾ ಮಂದಿ ಬಿಡ್ರಿ. ಪ್ರಾರ್ಥನಿ ಮಾಡೂದ್ರಾಗ ಮುಗಿಸಿ ಹುಗ್ಗಿ ಉಂಡ ಬಂದ್ರಿ.” ಎಂಟೂ ಜನ ಕಿಟಕಿಯಾಚೆ ನೋಡುತ್ತ ಕುಳಿತೆವು. ಜಗಳವಾಡುವ ಜನರ ಮೇಲೆ ನನಗೆ ಅಂದು ಮೊದಲ ಸಲ ಹೊಟ್ಟೆಕಿಚ್ಚಾಯಿತು.

ಮಾನ್ಯರೇ, ನಮ್ಮ ಪಂಥ ಹುಟ್ಟಿದ್ದು ಹೇಗೆ ಎಂದು ಪ್ರತಿ ವರ್ಷ ಅಕ್ಟೋಬರಿನ ಕೊನೆಯಲ್ಲಿ ತಾವೇ ಪೀಠದಿಂದ ಹೇಳುತ್ತೀರಿ. ಐನೂರು ವರ್ಷದ ಹಿಂದೆ ಈ ಪಂಥಕ್ಕೆ ಹೆಸರು ಕೊಟ್ಟ ಸನ್ಯಾಸಿ, ರಾಜನೂ ಧರ್ಮಾಧಿಕಾರಿಗಳೂ ತುಂಬಿದ ಸಭೆಯಲ್ಲಿ ಒಬ್ಬನೇ ‘ಮನಸ್ಸಾಕ್ಷಿಗೆ ವಿರುದ್ಧವಾಗಿ ಒಪ್ಪಲಾರೆ’ ಎಂದನೆಂದು ಹೇಳುವಾಗ ತಾವು ಕರವಸ್ತ್ರ ಹುಡುಕುತ್ತೀರಿ, ನಮ್ಮ ಕಣ್ಣುಗಳೂ ಒದ್ದೆಯಾಗುತ್ತವೆ. ಆ ಮನುಷ್ಯ ಬೈಲಹೊಂಗಲದ ಆ ಹಾಲಿನಲ್ಲಿದ್ದಿದ್ದರೆ ಏನಾಗುತ್ತಿತ್ತು? ಐಕ್ಯಕ್ಕೆ ಭಂಗ ತಂದದ್ದಕ್ಕೆ ಹದಿನೈದು ದಿನದ ನೋಟಿಸು ಹೋಗುತ್ತಿತ್ತು. ದೂರದ ಊರಿನ, ಸತ್ತುಹೋದ ಒಂಟಿ ಮನುಷ್ಯನನ್ನು ಮೆಚ್ಚುವುದು ಎಷ್ಟು ಸುಲಭ ನೋಡಿ.

ನೋಟಿಸಿಗೆ ಉತ್ತರ ಬರೆಯುವುದು ಸಭೆಯ ಕಾರ್ಯದರ್ಶಿಯಾದ ನನ್ನ ಪಾಲಿಗೆ ಬಂತು. ಮೂವತ್ತಾರು ವರ್ಷ ಶಾಲೆಯಲ್ಲಿ ರಜೆ ಅರ್ಜಿ ಬರೆದ ಅನುಭವ ನನ್ನದು, ಇದೇನು ಮಹಾ ಎಂದುಕೊಂಡೆ. ಡಾಕ್ಟರ ಚೀಟಿ ಇದೆ, ಎಕ್ಸ್‌ರೇ ಇದೆ. ‘ಮೊಣಕಾಲು ನೋವಿನ ನಿಮಿತ್ತ ಕುಳಿತಿದ್ದೆನೇ ಹೊರತು ವಿರೋಧದ ಉದ್ದೇಶವಿರಲಿಲ್ಲ, ಕ್ಷಮೆ ಇರಲಿ’ ಎಂದು ಎರಡು ಸಾಲು ಬರೆದು ಸಾವಿತ್ರೆವ್ವನವರ ಸಹಿಗೆ ಒಯ್ದೆ. ಅವರು ನನ್ನ ತಾಯಿಯ ಗೆಳತಿ, ನಾನು ಚಿಗವ್ವ ಎಂದೇ ಕರೆಯುವುದು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಕಾಗದವನ್ನು ನನ್ನ ಕಡೆಗೇ ಸರಿಸಿದರು.

“ಇದು ಖರೆ ಅಲ್ಲೋ ವಿಜ್ಯಾ.”

“ಮೊಣಕಾಲ ಬ್ಯಾನಿ ಖರೆ ಅಲ್ಲೇನ ಚಿಗವ್ವಾ?”

“ಬ್ಯಾನಿ ಖರೆ ಐತಿ. ಆದ್ರ ಕುಂದರ್ರಿ ಅಂತ ಅವರು ಅಂದಾಗ, ಹೌದು, ನನಗ ಒಪ್ಪಿಗಿ ಇಲ್ಲ ಅಂತ ಮನಸಿನ್ಯಾಗ ಅಂದ್ಕೊಂಡ ಕುಂತೇನಿ. ನಮ್ಮ ಲಕೋಟಿ ಒಡದು ನೋಡದವರಿಗೆ ನಾ ಹೆಂಗ ಹೂಂ ಅನ್ನಲಿ?”

“ಹಂಗ ಬರದ್ರ ಮೇಜಿನ ಸೇವಾ ಮತ್ತ ಕೊಡೂದಿಲ್ಲ ಚಿಗವ್ವಾ. ಒಂದ ಸಹಿದು ಪ್ರಶ್ನಿ.”

ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಕಣ್ಣು ತುಂಬಿದ್ದನ್ನು ಮರೆಮಾಡಲಿಲ್ಲ. “ಸುಳ್ಳ ಬರದ ಕೈಲೆ ಆ ಬಟ್ಟಲಾ ಹೆಂಗ ಮುಟ್ಟಲೋ?” ಎಂದರು.

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವರ ಮೇಲಲ್ಲವೆಂದು ಈಗ ಗೊತ್ತು, ಆಗ ಗೊತ್ತಿರಲಿಲ್ಲ. ‘ನಿನಗೇನು, ಕುರ್ಚಿ ಇತ್ತು, ಕುಂತಿ. ನಮಗೆಲ್ಲ ಕುಂದರಾಕ ಏನಿತ್ತು? ಕುರ್ಚಿ ಒಯ್ದಿದ್ರಲ್ಲ’ ಎಂದುಬಿಟ್ಟೆ.

“ಕುರ್ಚಿ ಒಯ್ದಿದ್ರು ಖರೆ,” ಎಂದರು ಸಾವಿತ್ರೆವ್ವ. “ನೆಲಾನೂ ಒಯ್ದಿದ್ರೇನೋ?”

ಒಯ್ದಿರಲಿಲ್ಲ, ಮಾನ್ಯರೇ. ಆ ಹಾಲಿನಲ್ಲಿ ಜಮಖಾನೆ ಹಾಸಿತ್ತು. ನಾವೆಲ್ಲ ನೆಲದ ಮೇಲೆ ಕುಳಿತು ಉಂಡು ಬೆಳೆದವರು. ನನ್ನ ಮೊಣಕಾಲು ಗಟ್ಟಿಯಾಗಿವೆ. ತಾವು ‘ಕುಂದರ್ರಿ’ ಎಂದಾಗ ಇದು ಸರಿಯಲ್ಲ ಎಂದು ನನಗೂ ಅನಿಸಿತ್ತು. ಅಕ್ಕಪಕ್ಕ ನೋಡಿದೆ. ಅವರೂ ಅಕ್ಕಪಕ್ಕ ನೋಡುತ್ತಿದ್ದರು. ಯಾರಾದರೂ ಒಬ್ಬರು ಕುಳಿತುಕೊಳ್ಳಲಿ ಎಂದು ಎಲ್ಲರೂ ಕಾದೆವು. ಇಷ್ಟು ಹೊತ್ತು ತಮ್ಮನ್ನು ಆಡಿಕೊಂಡೆನಲ್ಲ, ತಮ್ಮ ಒಮ್ಮತವನ್ನು ಕಟ್ಟಿಕೊಟ್ಟವರು ನನ್ನಂಥವರೇ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ನಡೆದ ಆಯ್ಕೆಯನ್ನು ರದ್ದು ಮಾಡಿ, ಬಂದ ಲಕೋಟೆಗಳನ್ನೆಲ್ಲ ಎಲ್ಲರೆದುರು ಒಡೆದು, ನಿಬಂಧನೆಯಂತೆ ಮೂವರ ಹೆಸರಿಟ್ಟು, ಕುಳಿತವರ ಕೈಗೆ ಚೀಟಿ ಕೊಟ್ಟು ಮತ್ತೆ ಮತ ಕೇಳಿ. ಸಾವಿತ್ರೆವ್ವನವರಿಗೆ ಕೊಟ್ಟ ನೋಟಿಸನ್ನು ಹಿಂತೆಗೆದುಕೊಂಡು, ಮುಂದಿನ ಮೊದಲ ಭಾನುವಾರದೊಳಗೆ ಮೇಜಿನ ಸೇವೆಯನ್ನು ಅವರಿಗೆ ಮರಳಿಸಿ. ಸಮಜಾಯಿಷಿ ಬರುತ್ತದೆಂದು ದಾರಿ ಕಾಯಬೇಡಿ, ಅವರು ಬರೆಯುವುದಿಲ್ಲ, ನಾನೂ ಬರೆದುಕೊಡುವುದಿಲ್ಲ.

ಇವೆರಡನ್ನು ಮಾಡಲು ತಮಗೆ ಸಮಿತಿ ಬೇಕು, ಪ್ರಾರ್ಥನೆ ಬೇಕು, ಏಕಮತ ಬೇಕು. ಅದೆಲ್ಲ ಆಗುವವರೆಗೆ ಒಂದು ಕೆಲಸವನ್ನು ಈ ಪತ್ರ ಓದಿದ ಕೂಡಲೇ ಮಾಡಬಹುದು. ನಡಾವಳಿಯ ಪುಸ್ತಕ ತೆರೆದು, ನೂರಾ ಹದಿನೆಂಟನ್ನು ಹೊಡೆದುಹಾಕಿ, ನೂರಾ ಹದಿನೇಳು ಎಂದು ಬರೆಯಿರಿ. ವಿರೋಧದ ಕಡೆ ಸಾವಿತ್ರೆವ್ವನವರ ಹೆಸರಿನ ಕೆಳಗೆ ನನ್ನ ಹೆಸರು ಸೇರಿಸಿ, ನನಗೂ ಒಂದು ನೋಟಿಸು ಕಳಿಸಿ.

ಇಂತಿ,
ಒಂದು ತಿಂಗಳು ತಡವಾಗಿ ಕುಳಿತ,
ವಿಜಯ, ನಿವೃತ್ತ ಶಾಲಾ ಶಿಕ್ಷಕ,
ಸವದತ್ತಿ ಸಭೆಯ ಕಾರ್ಯದರ್ಶಿ (ತಮ್ಮ ಮುಂದಿನ ಆದೇಶದವರೆಗೆ)