ಮೂರನೇ ಮಹಡಿಯ ಮಂಡಿನೋವು

ಪ್ರೀತಿಯ ಅಕ್ಕ,

ಕಾರ್ಡು ಚಿಕ್ಕದು, ನನ್ನ ಜಂಬ ದೊಡ್ಡದು, ಸಹಿಸಿಕೋ.

ಈ ಆಸ್ಪತ್ರೆಯಲ್ಲಿ ಮಂಡಿನೋವಿನ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದಾರೆ. ಮಾತ್ರೆ ತೆಗೆದುಕೊಂಡ ತೊಂಬತ್ತು ಜನ ಮೂರು ತಿಂಗಳಾದ ಮೇಲೆ ಬಂದು ಹೇಗಿದ್ದೇವೆಂದು ಹೇಳಬೇಕು, ನಾನು ಬರೆದುಕೊಳ್ಳಬೇಕು. ಬಂದವರೆಲ್ಲ "ಈಗ ವಾಸಿ" ಎಂದರು. ದೊಡ್ಡ ಡಾಕ್ಟರು ಹಿರಿಹಿರಿ ಹಿಗ್ಗಿ, ಇನ್ನು ಎಲ್ಲರಿಗೂ ಇದನ್ನೇ ಬರೆದುಕೊಡೋಣ ಎಂದರು. ನನಗೆ ಮಾತ್ರ, ಹಾಜರಿ ಪುಸ್ತಕ ಹಿಡಿದು ಶಾಲೆಗೆ ಬಾರದ ಮಕ್ಕಳ ಮನೆಮನೆ ಸುತ್ತುವ ನೀನು ನೆನಪಾದೆ. ನಲವತ್ತು ಜನ ಬಂದೇ ಇರಲಿಲ್ಲ.

ಹುಡುಕಲು ಇಳಿದರೆ, ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಚೀಟಿ ಹಿಡಿದು ಕೂತಿದ್ದಾರೆ. "ಮೂರು ಮಹಡಿ ಹತ್ತೋ ಹಾಗಿದ್ರೆ ನಿಮ್ಮ ಮಾತ್ರೆ ನಂಗ್ಯಾಕಮ್ಮ ಬೇಕಿತ್ತು?" ಎಂದರು. ಲಿಫ್ಟು ಕೆಟ್ಟು ಎರಡು ತಿಂಗಳಾಗಿದೆ. ನಮ್ಮ ಕೋಣೆಯವರೆಗೆ ಹತ್ತಿ ಬರುತ್ತಿದ್ದವರು ಮಂಡಿ ಸರಿಹೋದವರು ಮಾತ್ರ!

ಈಗ ನನ್ನ ಮೇಜು ಗೇಟಿನ ಪಕ್ಕ. ಡಾಕ್ಟರೇ ಒಂದು ತುದಿ ಹಿಡಿದು ಇಳಿಸಿದರು. ಬಾರದವರಿಗೆಲ್ಲ ಫೋನು ಮಾಡಿದೆ. ಮೂವತ್ತೈದು ಜನರ ನೋವು ಇದ್ದ ಹಾಗೇ ಇದೆ. ಎಲ್ಲರಿಗೂ ಬರೆದುಕೊಡುವ ಮಾತು ಅಲ್ಲಿಗೇ ನಿಂತಿತು.

ನನ್ನ ಕೆಮ್ಮು ಹೋಗಿದೆ. ನಿನ್ನ ಮಂಡಿಗೆ ಹಳೆಯ ಮುಲಾಮೇ ಇರಲಿ, ಯಾರು ಏನೇ ಹೊಗಳಲಿ.

"ಈ ವಿಧಾನ ಯಾವ ಕಾಲೇಜಲ್ಲಿ ಕಲಿತ್ರಿ?" ಎಂದು ಡಾಕ್ಟರು ಎಲ್ಲರ ಮುಂದೆ ಕೇಳಿದರು.

"ಕಾಲೇಜಲ್ಲ ಸಾರ್, ನಮ್ಮಕ್ಕನ ಮೂರನೇ ಕ್ಲಾಸಲ್ಲಿ" ಎಂದೆ.

ಅವರು ನಗಲಿಲ್ಲ, ಬರೆದುಕೊಂಡರು.

ಜಾಗ ಮುಗಿಯಿತು.

ನಿನ್ನ ತಂಗಿ