ಬೀಗರಿಗೆ ಹೇಳಿದ ಬೇಟೆಯ ಸಿನಿಮಾ

ಮಾರ್ಚ್ 3, ಲೈಡನ್

ಪೂಜೆ ಮುಗಿಯಿತು. ನಾನು ನೀಲಾಂಬಿಕೆ, ದಿವಂಗತ ಬಸವಂತಪ್ಪನವರ ಹೆಂಡತಿ, ಮೆಟ್ರಿಕ್ ಪಾಸು. ಗದಗಿನಲ್ಲಿ ನಮ್ಮ ಮನೆತನದ ಮದುವೆಗಳು ನಾನು ಹೂಂ ಅಂದ ಮೇಲೆಯೇ ನಿಶ್ಚಯವಾಗುತ್ತವೆ. ಇಲ್ಲಿ ಪರದೇಶದಲ್ಲಿ, ಮಗ ದಿವಾಕರನ ಮನೆಯಲ್ಲೂ ಅಷ್ಟೇ.

ಸೊಸೆ ಮೈಥಿಲಿಗೆ ಹಳೆಯ ಸಿನಿಮಾಗಳನ್ನು ಕಾಪಾಡುವ ಸಂಸ್ಥೆಯಲ್ಲಿ ಕೆಲಸ. ಚಹಾ ಕೊಡಲು ಹೋದೆ. ಲ್ಯಾಪ್‌ಟಾಪಿನಲ್ಲಿ ಫ್ರೆಂಚ್ ದೊರೆಗಳ ಬೇಟೆ. ಕುದುರೆ, ನಾಯಿ, ಕಹಳೆ... ಆಮೇಲೆ ಆ ದೊರೆಗಳ ಮೈಮೇಲೆ ಟೊಪ್ಪಿಗೆ ಬಿಟ್ಟು ಏನೂ ಇಲ್ಲ!

"ಇದೇನವಾ?"

"ಐವತ್ತು ವರ್ಷದ ಹಿಂದಿಂದು, ಅತ್ತಿ. ದೊಡ್ಡ ಮನಿತನದವರ ಬ್ಯಾಟಿ ಹುಚ್ಚಿಗೆ ನಗಾಕ ಮಾಡ್ಯಾರ. ಮುಂದಿನ ತಿಂಗಳು ಶೋ ಐತಿ. ನಾನು ಸ್ಟೇಜ್ ಮ್ಯಾಲೆ ಮಾತಾಡಬೇಕು."

"ನಗಾಕ ಅರಿವಿ ಬಿಚ್ಚಬೇಕೇನು?"

ಮಾರ್ಚ್ 4

ಬೀಗರಿಗೆ ಫೋನ್ ಮಾಡಿದೆ. "ಈಶ್ವರಪ್ಪನವರೇ, ನಿಮ್ಮ ಮಗಳು ಬತ್ತಲೆ ಸಿನಿಮಾ ಹಿಡಕೊಂಡು ಕುಂತಾಳ. ನೀವು ಹೆಡ್‌ಮಾಸ್ತರರು. ಹಿಂಗ ಕಲಿಸೀರೇನು?"

"ತಪ್ಪಾತ್ರಿ" ಅಂದರು. ಅಷ್ಟೇ. ಗಂಡಿನ ತಾಯಿ ಹೇಳಿದ್ದಕ್ಕೆ ಹೆಣ್ಣಿನ ಅಪ್ಪ ಮರುಪ್ರಶ್ನೆ ಹಾಕುವುದಿಲ್ಲ.

ಚೆನ್ನಾಗಿ ನಿದ್ದೆ ಬಂತು.

ಮಾರ್ಚ್ 19, ಯುಗಾದಿ

ಹಬ್ಬದ ದಿನವೂ ಮೈಥಿಲಿಯ ಫೋನನ್ನು ಅವಳ ಅಪ್ಪ ಎತ್ತಲಿಲ್ಲ.

"ಆ ಕೆಲಸ ಬಿಟ್ಟರಷ್ಟ ಮಾತು ಅಂತ ಅವ್ವನ ಕಡೆ ಹೇಳಿ ಕಳಿಸ್ಯಾರ, ಅತ್ತಿ. ಅವರಿಗೆ ಯಾರು ಚಾಡಿ ಹೇಳಿರಬೇಕು?"

"ಬೇವು ತಗೋ" ಅಂದೆ. ಅವಳ ಮುಖ ನೋಡಲಾಗಲಿಲ್ಲ.

ಮಾರ್ಚ್ 24

ಮೈಥಿಲಿ ಶುಕ್ರವಾರ ರಾಜೀನಾಮೆ ಕೊಡುತ್ತಾಳಂತೆ. ದಿವಾಕರ ಬೇಡವೆಂದ. ಕೇಳುತ್ತಿಲ್ಲ. "ಅಪ್ಪ ಮಾತು ಬಿಟ್ಟರ ನನಗ ಇರಾಕ ಆಗೂದಿಲ್ಲ" — ಇದೊಂದೇ.

"ಆ ಸಿನಿಮಾ ಹಚ್ಚಿಕೊಡು" ಅಂದೆ. ಬೆರಗಾಗಿ ನೋಡಿದಳು. ಹಚ್ಚಿಕೊಟ್ಟು ಹೊರಗೆ ಹೋದಳು.

ಬತ್ತಲೆ ಬಂದಾಗ ಕಣ್ಣು ಮುಚ್ಚಿದೆ. ಎಲ್ಲ ಸಲವೂ ಅಲ್ಲ. ಅದರಲ್ಲೊಬ್ಬಳು ಮುದುಕಿ, ದೊರೆಯ ತಾಯಿ. ಬಂದೂಕು ಮುಟ್ಟುವುದಿಲ್ಲ, ಕುರ್ಚಿ ಬಿಟ್ಟು ಏಳುವುದಿಲ್ಲ. ಬೀಸಣಿಗೆಯಿಂದ ಪೊದೆ ತೋರಿಸುತ್ತಾಳೆ, ನಾಯಿಗಳು ನುಗ್ಗುತ್ತವೆ. ಜಿಂಕೆ ಬಿದ್ದಾಗ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಳ್ಳುತ್ತಾಳೆ.

ಜೋರಾಗಿ ನಕ್ಕುಬಿಟ್ಟೆ. ನಗುತ್ತಿದ್ದಂತೆಯೇ ಹೊಳೆಯಿತು: ನಾನೂ ಕೂತಲ್ಲಿಂದಲೇ ತೋರಿಸಿದವಳು.

ಮಾರ್ಚ್ 26, ಸಂಜೆ

ಗಂಡಿನ ತಾಯಿ ಬೀಗರಿಗೆ ತಲೆಬಾಗಿದ್ದು ನಮ್ಮ ಮನೆತನದಲ್ಲಿ ಇಲ್ಲ. ಇನ್ನು ಮುಂದೆ ಉಂಟು ಅಂತ ಬರೆದುಕೊಳ್ಳಬೇಕು.

ಮೈಥಿಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಫೋನ್ ಸ್ಪೀಕರಿಗೆ ಹಾಕಿದೆ.

"ಬೀಗರೇ, ಅವತ್ತು ನಿಮಗ ನಾ ಹೇಳಿದ್ದು ತಪ್ಪು. ನಿಮ್ಮ ಮಗಳದು ಏನೂ ತಪ್ಪಿಲ್ಲ. ಅರ್ಧ ನೋಡಿ ಮಾತಾಡಿದ್ದೆ. ಈಗ ಪೂರಾ ನೋಡೀನಿ."

ಮೈಥಿಲಿ ನನ್ನ ಕೈಯಿಂದ ತನ್ನ ಕೈ ಎಳೆದುಕೊಂಡಳು.

ಆ ಕಡೆಯಿಂದ ಹೆಡ್‌ಮಾಸ್ತರರು, "ಪೂರಾ... ನೋಡಿದ್ರ್ಯಾ?"

"ನೋಡಿದೆ. ಶೋಗೂ ಹೋಗಿ ಮುಂದಿನ ಸಾಲಿನಾಗ ಕುಂಡ್ರತೀನಿ. ಈಗ ಮಗಳ ಕೂಡ ಮಾತಾಡ್ರಿ."

ಫೋನು ಅವಳ ಕೈಗಿಟ್ಟು ಹೊರಬಂದೆ. ಬಾಗಿಲ ಆಚೆಯಿಂದ "ಅಪ್ಪಾ" ಎಂದದ್ದು ಕೇಳಿತು. ಅವಳು ಈಚೆ ಬಂದಾಗ ನನ್ನನ್ನು ಅತ್ತಿ ಅನ್ನುತ್ತಾಳೋ ಇಲ್ಲವೋ, ಇದನ್ನು ಬರೆಯುತ್ತ ಕಾಯುತ್ತಿದ್ದೇನೆ.