ಪಾಳು ಎಂದು ಬರೆದ ಗಜನಿ

ಡೆಹ್ರಾಡೂನ್, ಬುಧವಾರ

ಅಣ್ಣಾ,
ಚಳಿಗೆ ಕೈ ಸೆಟೆದು ಅಕ್ಷರ ಸೊಟ್ಟ ಆಗಿದೆ. ಕೆಮ್ಮು ಬಿಟ್ಟಿಲ್ಲ, ಕಷಾಯದ ಪುಡಿ ಕಳಿಸು.

ಉಪಗ್ರಹದ ಚಿತ್ರ ನೋಡಿ ಯಾವುದು ಗದ್ದೆ, ಯಾವುದು ಪಾಳು ಎಂದು ಕಂಪ್ಯೂಟರಿಗೆ ಕಲಿಸುವುದು ಇಲ್ಲಿ ನನ್ನ ಕೆಲಸ. ಪಾಳು ಇದ್ದಲ್ಲಿ ಮುಂದೆ ಪೇಟೆ ಬರುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ನಿನ್ನೆ ಕುಮಟೆಯ ೨೦೪೦ರ ನಕ್ಷೆ ಬಂತು. ಹೊಳೆಯಂಚಿನ ಉಪ್ಪುನೆಲದ ನಮ್ಮ ಗಜನಿ ಗದ್ದೆ ಪೂರ್ತಿ ಕೆಂಪು, ಅಂದರೆ ಕಟ್ಟಡ. ಆ ಚಿತ್ರ ತೆಗೆದದ್ದು ಕಗ್ಗ ಭತ್ತ ಕೊಯ್ದು ಸಿಗಡಿಗೆಂದು ಉಪ್ಪುನೀರು ಬಿಟ್ಟ ಮೇಲೆ. ಬರೀ ಕೆಸರು ಕಂಡಿತ್ತು. ಗುರುತು ಸಿಗದೆ ಪಾಳು ಎಂದು ಬರೆದವಳು ನಾನೇ. ಸಾಹೇಬರಿಗೆ ಹೇಳಿದೆ. ವರದಿ ಕಳಿಸಿ ಆತಂತೆ. ಇನ್ನೆಂತ ಮಾಡಲಿ?

ಬರೀ ಕಾರ್ಡು ಇದು, ಅಂಚೆಯವ ಓದಿದರೆ ಓದಲಿ. ಆಯಿಗೆ ಮಾತ್ರ ಕೆಮ್ಮಿನ ತನಕ ಓದಿ ಹೇಳಿ ನಿಲ್ಲಿಸು.

ನೀಲಾ